ಹಿಂದಿನ ಕೋಣೆಯ ಆರನೇ ಮೆಷಿನ್

ನಮ್ಮ ಡಯಾಲಿಸಿಸ್ ಘಟಕದಲ್ಲಿ ಆರು ಮೆಷಿನ್‌ಗಳಿದ್ದವು. ಐದು ಮುಂದಿನ ಹಾಲ್‌ನಲ್ಲಿ, ಸವಳಂಗ ರಸ್ತೆಯ ಓಡಾಟ ಕಾಣುವ ದೊಡ್ಡ ಕಿಟಕಿಗಳ ಪಕ್ಕ ಸಾಲಾಗಿ. ಆರನೆಯದು ಹಿಂದಿನ ಕೋಣೆಯಲ್ಲಿ. ಆ ಕೋಣೆ ಮೊದಲು ಡಯಾಲಿಸಿಸ್ ದ್ರಾವಣದ ಕ್ಯಾನುಗಳನ್ನು ಇಡುವ ಸ್ಟೋರ್ ಆಗಿತ್ತು. ಅಲ್ಲಿ ಕಿಟಕಿ ಇಲ್ಲ, ಟಿ.ವಿ. ಇಲ್ಲ. ಬಾಗಿಲ ಮೇಲೆ ಅಂಗೈಯಗಲದ ಕೆಂಪು ಸ್ಟಿಕ್ಕರ್ ಮಾತ್ರ ಇತ್ತು. ಹೆಪಟೈಟಿಸ್ ಸಿ ಇರುವವರಿಗೆ ಬೇರೆ ಮೆಷಿನ್ ಎನ್ನುವುದು ನಾನು ಅಲ್ಲಿ ಇನ್‌ಚಾರ್ಜ್ ಸಿಸ್ಟರ್ ಆಗುವ ಮೊದಲಿನಿಂದ ನಡೆದುಬಂದ ವ್ಯವಸ್ಥೆ. ಈ ವೈರಸ್ ರಕ್ತದಿಂದ ರಕ್ತಕ್ಕೆ ಹೋಗುತ್ತದೆ, ಲಿವರ್‌ನಲ್ಲಿ ಸದ್ದಿಲ್ಲದೆ ವರ್ಷಗಟ್ಟಲೆ ಕೂರುತ್ತದೆ. ವಾರಕ್ಕೆ ಮೂರು ಸಲ ಮೈಯ ರಕ್ತವೆಲ್ಲ ಹೊರಗೆ ಬಂದು ಸೋಸಿಕೊಂಡು ಹೋಗುವ ಜಾಗದಲ್ಲಿ ಅದಕ್ಕೆ ಹೆದರಲೇಬೇಕು.

ಆ ಕೋಣೆಯಲ್ಲಿ ಸುಮಾರು ಎರಡು ವರ್ಷದಿಂದ ಒಬ್ಬರೇ ಮಲಗುತ್ತಿದ್ದರು. ಭದ್ರಾವತಿಯ ಜನ್ನಾಪುರದಿಂದ ಬರುತ್ತಿದ್ದ ನಿವೃತ್ತ ಫಿಟ್ಟರ್. ಮೂವತ್ತು ವರ್ಷ ಕಾರ್ಖಾನೆಯಲ್ಲಿ ಪಂಪು, ವಾಲ್ವುಗಳ ಜೊತೆ ಕಳೆದವರು. ಮನೆಮಾತು ತಮಿಳು, ಜಗಳಕ್ಕೆ ಮಾತ್ರ ಕನ್ನಡ. ಒಂದು ದಿನ ಮಲಗಿದ್ದಲ್ಲಿಂದಲೇ, "ಸಿಸ್ಟರಮ್ಮ, ನಿಮ್ಮ ಬ್ಲಡ್ ಪಂಪ್ ರೋಲರ್ ಒಂದು ಕಡೆ ಸವೆದಿದೆ, ಕೇಳಿಸ್ಕೊಳಿ" ಎಂದರು. ನನಗೆ ಏನೂ ಕೇಳಿಸಲಿಲ್ಲ. ಮುಂದಿನ ವಾರ ಸರ್ವೀಸಿಗೆ ಬಂದ ಇಂಜಿನಿಯರ್ ಬಿಚ್ಚಿ ನೋಡಿದರೆ, ನಿಜಕ್ಕೂ ಸವೆದಿತ್ತು. ಅಲ್ಲಿಂದ ಮುಂದೆ ಹಾಲ್‌ನ ಯಾವ ಮೆಷಿನ್ ಅನುಮಾನ ಬರಿಸಿದರೂ ಅದರ ಸದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಅವರಿಗೆ ಕೇಳಿಸುತ್ತಿದ್ದೆ. ಅವರು ಹಾಲ್‌ಗೆ ಬರುವಂತಿರಲಿಲ್ಲವಲ್ಲ.

ಮೂರು ತಿಂಗಳಿಗೊಮ್ಮೆ ಎಲ್ಲ ರೋಗಿಗಳಿಗೂ ಕಾರ್ಡ್ ಟೆಸ್ಟ್ ಮಾಡುವುದು ನಮ್ಮ ಕ್ರಮ. ಪುಟ್ಟ ಪ್ಲಾಸ್ಟಿಕ್ ಕಾರ್ಡಿನ ಮೇಲೆ ರಕ್ತದ ಹನಿ ಬಿಟ್ಟು ಕಾಯಬೇಕು. ಒಂದು ಗೆರೆ ಬಂದರೆ ಇಲ್ಲ, ಎರಡು ಬಂದರೆ ವೈರಸ್ ಎಂದಾದರೂ ಮೈಗೆ ಹೊಕ್ಕಿತ್ತು ಎಂದರ್ಥ. ಒಂದು ಶುಕ್ರವಾರ ಸಾಲಾಗಿ ಜೋಡಿಸಿಟ್ಟ ಕಾರ್ಡುಗಳಲ್ಲಿ ಮೂರನೆಯದರ ಮೇಲೆ ಎರಡನೇ ಗೆರೆ ನಿಧಾನವಾಗಿ ಮೂಡಿತು. ಅದು ಭದ್ರಾವತಿಯದೇ ಹೊಸಮನೆಯ ಟೈಲರಕ್ಕನ ಕಾರ್ಡು. ಹಿಂದಿನ ಸಲ ಒಂದೇ ಗೆರೆ ಇದ್ದವರು. ಇನ್ನೊಂದು ಕಾರ್ಡು ತೆಗೆದು ಮತ್ತೆ ಮಾಡಿದೆ. ಮತ್ತೆ ಎರಡು.

ನಮ್ಮ ಕಿಡ್ನಿ ಡಾಕ್ಟರು ಬಂದ ಮೇಲೆ ಇಬ್ಬರೂ ಕೂತು ಮೂರು ತಿಂಗಳ ರಿಜಿಸ್ಟರ್ ತಿರುವಿದೆವು. ಟೈಲರಕ್ಕ ನಡುವೆ ಬೇರೆ ಊರಿನ ಆಸ್ಪತ್ರೆಯಲ್ಲಿ ಒಂದು ಆಪರೇಷನ್ ಮಾಡಿಸಿಕೊಂಡು, ರಕ್ತವನ್ನೂ ಏರಿಸಿಕೊಂಡು ಬಂದಿದ್ದರು. ಅಲ್ಲಿಂದ ಬಂದಿರಬಹುದು. ಆದರೆ ಡ್ಯೂಟಿ ಪುಟಗಳಲ್ಲಿ ಇನ್ನೊಂದು ವಿಷಯವೂ ಇತ್ತು. ಇಬ್ಬರು ನರ್ಸುಗಳು ರಜೆಯಲ್ಲಿದ್ದ ಎರಡು ವಾರ, ಹಿಂದಿನ ಕೋಣೆಯನ್ನೂ ಮುಂದಿನ ಹಾಲನ್ನೂ ಒಬ್ಬರೇ ನೋಡಿಕೊಂಡಿದ್ದರು. ಅದೇ ಟ್ರೇ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ತುಂಬಿಕೊಳ್ಳಲು ಅದೇ ಬಾಟಲಿ. ಆ ಒಬ್ಬರು ನಾನೇ.

"ಎಲ್ಲಿಂದ ಬಂತು ಅಂತ ಪ್ರೂವ್ ಮಾಡಕ್ಕಾಗಲ್ಲ ಸಿಸ್ಟರ್" ಎಂದರು ಡಾಕ್ಟರು. "ನಮ್ಮ ಕಡೆಯಿಂದ ಅದು ನುಗ್ಗೋ ಬಾಗಿಲಂತೂ ಇವತ್ತೇ ಮುಚ್ಚಬೇಕು."

ಅಂದೇ ಮುಚ್ಚಿದೆವು. ಹಾಲ್‌ನ ನಡುವಿನ ಟೇಬಲ್ ತೆಗೆಸಿದೆ. ಔಷಧಿ ತುಂಬುವುದಕ್ಕೆ ಗೋಡೆಯಾಚೆ ಬೇರೆ ಜಾಗ, ಒಬ್ಬೊಬ್ಬ ರೋಗಿಗೂ ಒಂದೊಂದು ಟ್ರೇ, ಹಿಂದಿನ ಕೋಣೆಗೆ ಹೋದವರು ಆ ಪಾಳಿ ಮುಗಿಯುವ ತನಕ ಹಾಲ್‌ಗೆ ಕಾಲಿಡುವಂತಿಲ್ಲ. ಇದೆಲ್ಲ ಸುಲಭ. ಕಷ್ಟದ್ದು ಟೈಲರಕ್ಕನಿಗೆ ಹೇಳುವುದಾಗಿತ್ತು.

ಅವರು ನನ್ನಷ್ಟೇ ವಯಸ್ಸಿನವರು. ಎಡಗೈಯಲ್ಲಿ ಸೂಜಿ ಚುಚ್ಚಿಸಿಕೊಂಡು ಮಲಗಿದ್ದಾಗಲೂ ಬಲಗೈ ಗಾಳಿಯಲ್ಲಿ ಏನೋ ಕತ್ತರಿಸುತ್ತಿರುತ್ತಿತ್ತು. ಎಲ್ಲ ಹೇಳಿದೆ. ಬೇರೆ ಊರಿನ ರಕ್ತದಿಂದ ಬಂದಿರಬಹುದು, ನಮ್ಮಿಂದಲೂ ಬಂದಿರಬಹುದು, ನನ್ನ ಕೈಯಿಂದಲೇ ಬಂದಿರಬಹುದು.

ಅವರು ಬಲಗೈಯಿಂದ ನನ್ನ ಕೈ ಹಿಡಿದುಕೊಂಡರು. "ಇದನ್ನ ಹೇಳ್ದೆ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಮತ್ಯಾಕೆ ಹೇಳಿದ್ರಿ ಮಾರಾಯ್ತಿ, ಈಗ ನಿಮ್ಮನ್ನ ಬೈಯಬೇಕೋ ಬೇಡ್ವೋ ಅಂತ ಇನ್ನೊಂದು ಯೋಚನೆ ಶುರುವಾಯ್ತಲ್ಲ" ಎಂದರು. ಅವರು ನಗಲಿಲ್ಲ. ಆದರೆ ಕೈ ಹಿಡಿದುಕೊಂಡಿದ್ದನ್ನು ಬಿಡಲೂ ಇಲ್ಲ.

ಹಿಂದಿನ ಕೋಣೆಗೆ ಈಗ ಇಬ್ಬರಾದರು. ಇದ್ದದ್ದು ಒಂದೇ ಮೆಷಿನ್. ಬೆಳಗಿನ ಪಾಳಿ ಫಿಟ್ಟರಣ್ಣನಿಗೆ, ಮಧ್ಯಾಹ್ನದ್ದು ಟೈಲರಕ್ಕನಿಗೆ. ಮದುವೆ ಸೀಸನ್ ಹತ್ತಿರ ಬರುತ್ತಿತ್ತು. ಬೆಳಗ್ಗೆ ಡಯಾಲಿಸಿಸ್ ಮುಗಿಸಿ ಸ್ವಲ್ಪ ಮಲಗೆದ್ದು ಸಂಜೆ ಹೊಲಿಗೆ ಮೆಷಿನ್ ತುಳಿಯುತ್ತಿದ್ದ ಅವರಿಗೆ ಇನ್ನು ವಾರದಲ್ಲಿ ಮೂರು ದಿನ ಪೂರ್ತಿ ಹೋದಂತೆಯೇ. ಬ್ಲೌಸ್ ಕೊಟ್ಟವರು ಬೇರೆ ಟೈಲರ್ ಹುಡುಕಿಕೊಂಡರೆ ಮತ್ತೆ ತಿರುಗಿ ಬರುವುದಿಲ್ಲ ಎಂದು ಅವರ ಹೆದರಿಕೆ. ವೈರಸ್ಸಿಗಿಂತ ಅದೇ ಅವರಿಗೆ ದೊಡ್ಡದಾಗಿತ್ತು.

"ಇದಕ್ಕೆ ಮಾತ್ರೆ ಇದೆಯಲ್ಲ ಸರ್, ನಮ್ಮವರಿಗೆ ಕೊಡಬಹುದಾ?" ಎಂದು ನಾನು ಡಾಕ್ಟರನ್ನು ಕೇಳಿದ್ದು ಆಗ. ಈ ಕಾಯಿಲೆಗೆ ಇಂಜೆಕ್ಷನ್ ಮಾತ್ರ ಇದ್ದ ಕಾಲದಲ್ಲಿ ಫಿಟ್ಟರಣ್ಣನಿಗೆ ಯಾರೋ, ಕಿಡ್ನಿ ಹೋದವರಿಗೆ ಆ ಔಷಧಿ ಆಗಿಬರುವುದಿಲ್ಲ ಎಂದಿದ್ದರಂತೆ. ಅದನ್ನು ಅವರೂ ನಂಬಿದ್ದರು, ನಾವೂ ನಂಬಿ ಕೂತಿದ್ದೆವು.

"ಈಗ ಕೊಡಬಹುದು" ಎಂದರು ಡಾಕ್ಟರು. "ಡಯಾಲಿಸಿಸ್ ಪೇಷಂಟ್ಸಿಗೂ ಕೊಡ್ತಾರೆ. ಸರ್ಕಾರದಿಂದ ಫ್ರೀ ಸಿಗತ್ತೆ." ಹೇಳಿ ಒಂದು ಕ್ಷಣ ತಡೆದು, "ನಾವು ಆಗ್ಲೇ ಕೇಳ್ಬೇಕಿತ್ತು" ಎಂದರು. ಎರಡು ವರ್ಷ ಆ ಕಿಟಕಿಯಿಲ್ಲದ ಕೋಣೆಯ ಬಾಗಿಲು ತೆಗೆದು ಮುಚ್ಚಿದ ನನಗೆ ಆ ಮಾತು ಇನ್ನೂ ಹೆಚ್ಚು ತಾಗಿತು.

ಇಬ್ಬರ ರಕ್ತವೂ ವೈರಲ್ ಲೋಡ್ ಪರೀಕ್ಷೆಗೆ ಹೋಯಿತು. ಕಾರ್ಡ್ ಹೇಳುವುದು ವೈರಸ್ ಬಂದಿತ್ತು ಎಂದು ಮಾತ್ರ. ಈಗ ಇದೆಯೇ, ಇದ್ದರೆ ಎಷ್ಟಿದೆ ಎಂದು ಹೇಳುವುದು ಈ ಪರೀಕ್ಷೆ. ಇಬ್ಬರಲ್ಲೂ ಇತ್ತು. ಲಿವರ್ ಸ್ಕ್ಯಾನಿಂಗ್ ಆಯಿತು. ಟೈಲರಕ್ಕನ ಲಿವರ್ ಚೆನ್ನಾಗಿತ್ತು. ಫಿಟ್ಟರಣ್ಣನದು ಅಲ್ಲಲ್ಲಿ ಗಟ್ಟಿಯಾಗಲು ಶುರುವಾಗಿತ್ತು. ಹಾಗಾಗಿ ಇಬ್ಬರಿಗೂ ಬೇರೆ ಬೇರೆ ಮಾತ್ರೆ. ಟೈಲರಕ್ಕನಿಗೆ ದಿನಕ್ಕೆ ಎರಡು, ಫಿಟ್ಟರಣ್ಣನಿಗೆ ಎರಡು ಔಷಧಿ ಸೇರಿದ ಒಂದೇ ಮಾತ್ರೆ. ಇಬ್ಬರಿಗೂ ಎಂಬತ್ನಾಲ್ಕು ದಿನ, ಒಂದು ದಿನವೂ ತಪ್ಪಿಸುವಂತಿಲ್ಲ. ಡಯಾಲಿಸಿಸ್ ಇರುವ ದಿನ ಮೊದಲೇ ನುಂಗಿದರೆ ಮೆಷಿನ್ ಸ್ವಲ್ಪ ಸೋಸಿಬಿಡುತ್ತದೆ. ಆದ್ದರಿಂದ ಎಲ್ಲ ದಿನವೂ ಸಂಜೆ ಏಳಕ್ಕೇ ಎಂದು ನಿಗದಿ ಮಾಡಿದೆವು.

ಮಾತ್ರೆ ಕೊಡುವ ಸರ್ಕಾರಿ ಚಿಕಿತ್ಸಾ ಕೇಂದ್ರದ ಫಾರ್ಮಸಿಸ್ಟ್ ಬಾಟಲಿ ಕೊಡುವಾಗ ಕೇಳಿದ ಪ್ರಶ್ನೆಯನ್ನು ನಾನು ಬರೆದುಕೊಂಡು ಬಂದಿದ್ದೆ: ಬೇರೆ ಏನೇನು ಮಾತ್ರೆ ನುಂಗುತ್ತಾರೆ? ಫಿಟ್ಟರಣ್ಣನ ಪಟ್ಟಿ ಉದ್ದವಿತ್ತು. ಅದರಲ್ಲಿ ಒಂದೇ ತೊಂದರೆಯದು, ಬೆಳಗ್ಗೆ ಖಾಲಿ ಹೊಟ್ಟೆಗೆ ನುಂಗುವ ಗ್ಯಾಸ್ ಮಾತ್ರೆ. ಹೊಟ್ಟೆಯಲ್ಲಿ ಆಸಿಡ್ ಕಡಿಮೆಯಾದರೆ ಅವರ ವೈರಸ್ ಮಾತ್ರೆ ಸರಿಯಾಗಿ ಕರಗಿ ಮೈಗೆ ಸೇರುವುದಿಲ್ಲ.

"ಅದನ್ನ ಬಿಡಕ್ಕಾಗಲ್ಲ ಸಿಸ್ಟರಮ್ಮ" ಎಂದರು. "ಕಾರ್ಖಾನೆಗೆ ಹೋಗ್ವಾಗಿಂದ ನುಂಗ್ತಿದೀನಿ. ಅದಿಲ್ದೆ ಕಾಫಿ ಕುಡಿದ್ರೆ ಎದೆ ಎಲ್ಲ ಬೆಂಕಿ."

"ಮೂರು ತಿಂಗಳು ಅಷ್ಟೇ ಅಣ್ಣ."

"ಮೂರು ತಿಂಗಳು ಕಾಫಿ ಬಿಡು ಅಂತೀರಾ?"

"ಗ್ಯಾಸ್ ಮಾತ್ರೆ ಬಿಡಿ ಅಂದೆ."

"ಎರಡೂ ಒಂದೇ" ಎಂದು ಮುಖ ತಿರುಗಿಸಿದರು. ಕೊನೆಗೆ ಒಪ್ಪಿದರು ಎಂದು ನಾನು ಅಂದುಕೊಂಡೆ.

ಟೈಲರಕ್ಕ ಮಾತ್ರ ಗಡಿಯಾರದ ಹಾಗೆ. ಒಂದು ಉದ್ದನೆಯ ಬಟ್ಟೆ ಪಟ್ಟಿಗೆ ದಿನಕ್ಕೊಂದು ಬ್ಲೌಸ್ ಹುಕ್ ಹೊಲಿಯುತ್ತಿದ್ದರು. ಮಾತ್ರೆ ನುಂಗಿದ ಮೇಲೆಯೇ ಹುಕ್. ತಿಂಗಳಿಗೊಮ್ಮೆ ಪಟ್ಟಿ ತಂದು ತೋರಿಸಿದಾಗ ನಾನು ಎಣಿಸುತ್ತಿದ್ದೆ. ಬಾಟಲಿಯಲ್ಲಿ ಉಳಿದ ಮಾತ್ರೆಗೂ ಹುಕ್ಕಿಗೂ ಒಂದು ದಿನವೂ ತಪ್ಪು ಬರಲಿಲ್ಲ. ಮೊದಲ ಎರಡು ವಾರ ಸ್ವಲ್ಪ ತಲೆನೋವು, ಸುಸ್ತು ಎಂದರು. ಆಮೇಲೆ ಅದೂ ಹೋಯಿತು.

ಐದನೇ ವಾರ ಒಂದು ಬೆಳಗ್ಗೆ ಫಿಟ್ಟರಣ್ಣನ ಶರ್ಟನ್ನು ಮೊಳೆಗೆ ತೂಗುಹಾಕುವಾಗ ಜೇಬಿನಿಂದ ಮಾತ್ರೆಯ ಪಟ್ಟಿ ಕೆಳಗೆ ಬಿತ್ತು. ಹತ್ತರಲ್ಲಿ ಆರು ಖಾಲಿ. ಗ್ಯಾಸ್ ಮಾತ್ರೆ.

"ಇದೇನಣ್ಣ?"

"ಅದು ಮೊಮ್ಮಗಳದ್ದು."

"ಮೊಮ್ಮಗಳಿಗೆ ವಯಸ್ಸೆಷ್ಟು?"

"ಎಂಟು" ಎಂದು ಮೇಲೆ ಫ್ಯಾನ್ ನೋಡಿದರು. ಆಮೇಲೆ, "ದಿನಾ ಇಲ್ಲಮ್ಮ. ತಡೀಲಾರ್ದಾಗ ಮಾತ್ರ" ಎಂದರು.

ನನಗೆ ಸಿಟ್ಟು ಬಂದಿತ್ತು, ನಗುವೂ ಬಂದಿತ್ತು. ಎರಡನ್ನೂ ತಡೆದುಕೊಂಡು ಹೊರಗೆ ಬೆಂಚಿನ ಮೇಲೆ ಕೂತಿದ್ದ ಅವರ ಹೆಂಡತಿಯನ್ನು ಒಳಗೆ ಕರೆದೆ. ಆಕೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಗಂಡನಿಗೆ ತಮಿಳಿನಲ್ಲಿ ಒಂದೇ ಒಂದು ವಾಕ್ಯ ಹೇಳಿದರು. ಏನೆಂದು ನನಗೆ ತಿಳಿಯಲಿಲ್ಲ. ಫಿಟ್ಟರಣ್ಣ ಹೊದಿಕೆ ಕತ್ತಿನ ತನಕ ಎಳೆದುಕೊಂಡರು.

ಡಾಕ್ಟರಿಗೆ ಹೇಳಿದೆ. ಅವರು ಕೋರ್ಸ್ ನಿಲ್ಲಿಸುವುದು ಬೇಡ ಎಂದರು. ಎಷ್ಟು ದಿನ ಹಾಳಾಗಿದೆಯೋ ಗೊತ್ತಿಲ್ಲ, ಮುಂದಿನದನ್ನಾದರೂ ಸರಿಯಾಗಿ ಮುಗಿಸೋಣ, ಕೊನೆಯ ಪರೀಕ್ಷೆ ಏನು ಹೇಳುತ್ತದೋ ನೋಡೋಣ ಎಂದರು. ಎದೆಯುರಿಗೆ ನಾನೂ ಅವರ ಹೆಂಡತಿಯೂ ಸೇರಿ ಒಂದು ಉಪಾಯ ಮಾಡಿದೆವು. ಎದ್ದ ತಕ್ಷಣ ಖಾಲಿ ಹೊಟ್ಟೆಗೆ ಕಾಫಿ ಇಲ್ಲ. ಮೊದಲು ಎರಡು ಇಡ್ಲಿ, ಆಮೇಲೆ ಅರ್ಧ ಲೋಟ. ಹತ್ತು ದಿನದಲ್ಲಿ ಉರಿ ಕಡಿಮೆಯಾಯಿತು. ಇಡ್ಲಿಯಿಂದಲೇ ಹೋಗಬಹುದಾಗಿದ್ದ ಉರಿಗೆ ಮೂವತ್ತು ವರ್ಷ ಮಾತ್ರೆ ನುಂಗಿದ್ದೆ ಎಂದು ಅವರು ಒಪ್ಪಿಕೊಳ್ಳಲಿಲ್ಲ. "ಈಗ ಕಾಫಿಪುಡಿ ಬದಲಾಯಿಸಿದಾಳೆ, ಅದಕ್ಕೇ" ಎಂದರು.

ಎಂಬತ್ನಾಲ್ಕು ದಿನ ಮುಗಿಯಿತು. ಆದರೆ ಗುಣವಾಯಿತು ಎನ್ನಲು ಇನ್ನೂ ಹನ್ನೆರಡು ವಾರ ಕಾಯಬೇಕು. ಮಾತ್ರೆ ನಿಲ್ಲಿಸಿದ ಮೇಲೂ ಅಷ್ಟು ದಿನ ವೈರಸ್ ತಲೆಯೆತ್ತದಿದ್ದರೆ ಮಾತ್ರ ಹೋಗಿದೆ ಎಂದು ಲೆಕ್ಕ. ಆ ಹನ್ನೆರಡು ವಾರ ನಮ್ಮ ಮೂವರಿಗೂ ಉದ್ದವಾಗಿತ್ತು. ಟೈಲರಕ್ಕ ಮಧ್ಯಾಹ್ನದ ಪಾಳಿಗೆ ಬರುವಾಗ ಬ್ಯಾಗಿನಲ್ಲಿ ಕೈಹೊಲಿಗೆ ತಂದು, ಒಂದೇ ಕೈಯಲ್ಲಿ ಅಂಚು ಮಡಚುತ್ತ ಮಲಗಿರುತ್ತಿದ್ದರು. ಸೀಸನ್ನಿನ ಅರ್ಧ ಗಿರಾಕಿಗಳು ಉಳಿದಿದ್ದರಂತೆ, ಇನ್ನರ್ಧ ಹೋಗಿದ್ದರಂತೆ.

ಪರೀಕ್ಷೆಯ ದಿನ ಬಂತು. ಟೈಲರಕ್ಕನ ರಕ್ತ ಸರಿಯಾಗಿ ಹೋಯಿತು. ಫಿಟ್ಟರಣ್ಣನ ವಿಷಯದಲ್ಲಿ ನಾನೇ ಎಡವಿದೆ. ಆ ಬೆಳಗ್ಗೆ ಸೂಜಿ ಹಾಕುತ್ತಿದ್ದಂತೆ ಅವರ ಬಿ.ಪಿ. ಇಳಿಯಿತು. ಕಾಲು ಎತ್ತರಿಸಿ, ಸಲೈನ್ ಕೊಟ್ಟು ಅವರನ್ನು ಸುಧಾರಿಸುವಷ್ಟರಲ್ಲಿ ಮೆಷಿನ್ ಓಡುತ್ತಿತ್ತು, ಹೆಪಾರಿನ್ ಒಳಗೆ ಹೋಗಿತ್ತು. ಮರೆತಿದ್ದ ಟ್ಯೂಬು ನೆನಪಾಗಿ ಲೈನಿನಿಂದಲೇ ರಕ್ತ ತೆಗೆದು ಕಳಿಸಿದೆ. ಹೆಪಾರಿನ್ ಬೆರೆತರೆ ಈ ಪರೀಕ್ಷೆ ಕೆಡುತ್ತದೆ ಎಂದು ಬೇರೆಯವರಿಗೆ ಹೇಳಿಕೊಡುವವಳು ನಾನೇ.

ಟೈಲರಕ್ಕನ ರಿಪೋರ್ಟ್ ಬಂತು: ವೈರಸ್ ಪತ್ತೆಯಾಗಿಲ್ಲ. ಫಿಟ್ಟರಣ್ಣನದರಲ್ಲಿ ಫಲಿತಾಂಶವೇ ಇಲ್ಲ, ಮತ್ತೆ ಸ್ಯಾಂಪಲ್ ಕಳಿಸಿ ಎಂದಿತ್ತು. ಅವರು ಕಾಗದವನ್ನು ದೂರ ಹಿಡಿದು ನೋಡಿ, "ಫೇಲಾ?" ಎಂದು ಕೇಳಿದರು.

"ಇಲ್ಲಣ್ಣ. ಪರೀಕ್ಷೆ ಬರೆಸಿದ್ದೇ ಸರಿ ಇರ್ಲಿಲ್ಲ. ನಾನು ತಪ್ಪು ಟೈಮಲ್ಲಿ ರಕ್ತ ತೆಗೆದೆ."

"ಆ ಗ್ಯಾಸ್ ಮಾತ್ರೆಯಿಂದ ಅಲ್ಲ ತಾನೆ?"

"ಅಲ್ಲ. ಇದು ಪೂರ್ತಿ ನಂದು."

ಅವರ ಮುಖದಲ್ಲಿ ಒಂದು ನೆಮ್ಮದಿ ಬಂತು. "ಹಾಗಾದ್ರೆ ನಾವಿಬ್ರೂ ಒಂದೊಂದು ಸಲ ತಪ್ಪಿದ್ವಿ" ಎಂದು, ಹೆಂಡತಿಗೆ ಕೇಳಲಿ ಎಂದು ಜೋರಾಗಿ ಹೇಳಿದರು.

ಎರಡನೇ ಸಲ ಸೂಜಿಗೆ ಟ್ಯೂಬ್ ಹಚ್ಚುವ ಮೊದಲೇ, ಯಾರನ್ನೂ ಮಾತಾಡಿಸದೆ ರಕ್ತ ತೆಗೆದು, ಸೆಂಟ್ರಿಫ್ಯೂಜಿಗೆ ಹಾಕಿ ತಿರುಗಿಸಿ, ಮೇಲಿನ ತಿಳಿ ಪ್ಲಾಸ್ಮಾ ಬೇರೆ ಮಾಡಿ, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ ನಾನೇ ಲ್ಯಾಬಿಗೆ ಮುಟ್ಟಿಸಿ ಬಂದೆ. ರಿಪೋರ್ಟ್ ಬಂದ ದಿನ ಡಾಕ್ಟರು ಫೋನ್ ಮಾಡಿ ಎರಡೇ ಮಾತು ಹೇಳಿದರು: "ಇವರದೂ ಹೋಗಿದೆ." ಕೋಣೆಗೆ ಹೋಗಿ ಹೇಳಿದೆ. ಫಿಟ್ಟರಣ್ಣ ತಮ್ಮ ಮೆಷಿನ್ನಿನ ಬದಿಯನ್ನು ಎರಡು ಸಲ ಮೆಲ್ಲಗೆ ತಟ್ಟಿದರು. ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಡಬ್ಬಿಯಲ್ಲಿದ್ದ ಇಡ್ಲಿಯನ್ನು ನನಗೇ ಕೊಟ್ಟರು.

ಸೋಮವಾರ ಬೆಳಗ್ಗೆ ಇಬ್ಬರನ್ನೂ ಹಾಲ್‌ಗೆ ತಂದೆವು. ಫಿಟ್ಟರಣ್ಣನಿಗೆ ನಾಲ್ಕನೇ ಮೆಷಿನ್, ಟೈಲರಕ್ಕನಿಗೆ ಐದನೆಯದು. ಮೂರನೆಯದು ಭದ್ರಾವತಿಯ ಜವಳಿ ಅಂಗಡಿ ಯಜಮಾನರದು. ಹಳೇ ಮನೆತನ, ದೊಡ್ಡ ಅಂಗಡಿ. ಹಣೆಯಲ್ಲಿ ವಿಭೂತಿ ಇಟ್ಟುಕೊಂಡು ಡ್ರೈವರ್ ಜೊತೆ ಕಾರಿನಲ್ಲಿ ಬರುವವರು. ಟೈಲರಕ್ಕ ಮಲಗಿ ಅರ್ಧ ಗಂಟೆಯೂ ಆಗಿರಲಿಲ್ಲ.

"ಯಜಮಾನ್ರೇ, ನಿಮ್ಮ ಅಂಗಡಿ ಕೆಂಪು ಲೈನಿಂಗ್ ಬಟ್ಟೆ ಬಣ್ಣ ಬಿಡತ್ತೆ" ಎಂದರು.

ಅವರು ತಲೆ ತಿರುಗಿಸಿದರು. "ಒಗೆಯೋ ರೀತಿ ಇರತ್ತೆ ತಾಯಿ."

"ಇಪ್ಪತ್ತು ವರ್ಷದಿಂದ ಒಗೀತಿದೀನಿ. ಮೊದಲು ಬಿಡ್ತಿರ್ಲಿಲ್ಲ."

ಹಾಲ್‌ನಲ್ಲಿ ನಗು ಎದ್ದಿತು. ಯಜಮಾನರೂ ನಕ್ಕು, ಆ ಥಾನಿನ ನಂಬರ್ ತಂದುಕೊಡಿ ಎಂದರು. ಫಿಟ್ಟರಣ್ಣ ಅಷ್ಟು ಹೊತ್ತೂ ಕಿಟಕಿಯಾಚೆ ಹೋಗುವ ಬಸ್ಸುಗಳನ್ನು ನೋಡುತ್ತಿದ್ದರು. ಅವತ್ತು ಒಳ್ಳೆಯ ದಿನ.

ಮಂಗಳವಾರ ಮೂರು ತಿಂಗಳ ಕಾರ್ಡ್ ಟೆಸ್ಟಿನ ಸರದಿ. ಇವರಿಬ್ಬರಿಗೆ ಇನ್ನು ಮುಂದೆ ಕಾರ್ಡ್ ಮಾಡಬಾರದು, ವೈರಲ್ ಲೋಡ್ ಮಾತ್ರ ಮಾಡಬೇಕು ಎಂದು ನಾನು ಪಟ್ಟಿಯಲ್ಲಿ ಬರೆದಿರಲಿಲ್ಲ. ಸೋಮವಾರ ತೆಗೆದಿಟ್ಟ ಎಲ್ಲರ ರಕ್ತವೂ ಕಾರ್ಡಿನ ಮೇಲೆ ಬಿತ್ತು. ವೈರಸ್ ಹೋದರೂ ಅದರ ಎದುರು ಮೈ ಮಾಡಿಕೊಂಡ ಪ್ರತಿಕಾಯಗಳು ಹೋಗುವುದಿಲ್ಲ, ಕಾರ್ಡು ಅವನ್ನೇ ತೋರಿಸುತ್ತದೆ. ಇವರಿಬ್ಬರ ಕಾರ್ಡಿನಲ್ಲಿ ಎರಡೆರಡು ಗೆರೆ. ನೋಡಿದವರು ಯಾರೋ ಯಾರಿಗೋ ಹೇಳಿದರು. ಬುಧವಾರ ಬೆಳಗ್ಗೆ ಯಜಮಾನರು ತೂಕ ನೋಡಿಸಿಕೊಳ್ಳದೆ ನನ್ನ ಟೇಬಲ್ ಎದುರು ನಿಂತರು.

"ಅವರಿಗೆ ಇನ್ನೂ ಪಾಸಿಟಿವ್ ಇದೆಯಂತಲ್ಲ ಸಿಸ್ಟರ್."

"ಯಾರ ರಿಪೋರ್ಟೂ ನಾನು ಇನ್ನೊಬ್ರಿಗೆ ಹೇಳಂಗಿಲ್ಲ ಯಜಮಾನ್ರೇ."

"ಅವ್ರನ್ನ ಹಿಂದಿನ ರೂಮಿಗೆ ಕಳಿಸಿ. ಇಲ್ಲಾಂದ್ರೆ ನಾನು ಮಲಗಲ್ಲ."

ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೇರೆ ಆಸ್ಪತ್ರೆಯ ರೌಂಡ್ಸಿನಲ್ಲಿದ್ದರು. "ಗಲಾಟೆ ಬೇಡ, ಒಂದೆರಡು ವಾರ ಅವ್ರು ಹಿಂದೇನೇ ಇರ್ಲಾ? ಎಲ್ಲ ತಣ್ಣಗಾದ್ಮೇಲೆ ನೋಡೋಣ" ಎಂದರು.

ಎರಡು ವಾರ ಎಂದರೆ ಎರಡು ವಾರ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಹಿಂದೆ ಒಂದು ಸಲ ಯಾರೋ ಹೇಳಿದ್ದನ್ನು ಹಾಗೇ ನಂಬಿ ಎರಡು ವರ್ಷ ಕಳೆದವರು ನಾವು. "ಬೇಡ ಸರ್" ಎಂದೆ. "ವೈರಸ್ ಇಲ್ಲ ಅಂತ ನೀವೇ ಹೇಳಿದೀರಿ. ಇಲ್ದೆ ಇರೋದಕ್ಕೆ ಅವ್ರನ್ನ ಮತ್ತೆ ಒಳಗೆ ಕಳಿಸೋದು ನನ್ನ ಕೈಲಿ ಆಗಲ್ಲ. ಈಗ ಕಳಿಸಿದ್ರೆ ಎಲ್ರೂ ಅದನ್ನೇ ನಿಜ ಅಂದ್ಕೋತಾರೆ." ಅವರು, "ಸರಿ, ನಿಮ್ಮ ಜೊತೆ ನಾನಿದೀನಿ" ಎಂದರು.

ಹಾಲ್‌ನಲ್ಲಿ ಎಲ್ಲರಿಗೂ ಹೇಳಲೇ ಎಂದು ಇಬ್ಬರನ್ನೂ ಕೇಳಿದೆ. ಫಿಟ್ಟರಣ್ಣ ಹೂಂ ಎಂದು ತಲೆಯಾಡಿಸಿದರು. ಟೈಲರಕ್ಕ, "ನೀವು ಹೇಳ್ಬೇಡಿ, ನಾನೇ ಹೇಳ್ತೀನಿ" ಎಂದು ಮಂಚದ ಮೇಲೆ ಎದ್ದು ಕೂತರು.

"ಚಿಕ್ಕವಳಿದ್ದಾಗ ನಂಗೆ ಅಮ್ಮ ಆಗಿ ಮೈಯೆಲ್ಲ ಗುಳ್ಳೆ ಎದ್ದಿತ್ತು. ಇಲ್ಲಿ ನೋಡಿ, ಕಲೆ" ಎಂದು ಕೆನ್ನೆ ಮುಟ್ಟಿ ತೋರಿಸಿದರು. "ಕಾಯಿಲೆ ಹೋಗಿ ನಲವತ್ತು ವರ್ಷ ಆಯ್ತು, ಕಲೆ ಹೋಗಿಲ್ಲ. ಕಾರ್ಡಿನ ಗೆರೆನೂ ಹಂಗೇ ಅಂತೆ. ನನ್ನ ಕೆನ್ನೆ ನೋಡಿ ಯಾರಾದ್ರೂ ಎದ್ದು ಹೋಗ್ತೀರಾ?"

ನಾನು ಉಳಿದದ್ದನ್ನು ಹೇಳಿದೆ. ಒಬ್ಬೊಬ್ಬರಿಗೂ ಬೇರೆ ಟ್ರೇ, ಬೇರೆ ಫಿಲ್ಟರ್, ಪ್ರತಿ ಸಲ ಮೆಷಿನ್‌ಗೆ ಡಿಸಿನ್ಫೆಕ್ಷನ್, ಇವರಿಬ್ಬರಿಗೆ ಆರು ತಿಂಗಳಿಗೊಮ್ಮೆ ವೈರಲ್ ಲೋಡ್. ಒಂದನೇ ಮೆಷಿನ್ ಅಜ್ಜಿ, "ಟಿ.ವಿ. ಸೌಂಡ್ ಸ್ವಲ್ಪ ಜಾಸ್ತಿ ಮಾಡಮ್ಮ" ಎಂದರು. ಅವರ ಮಟ್ಟಿಗೆ ವಿಷಯ ಮುಗಿದಿತ್ತು. ಯಜಮಾನರ ಮಟ್ಟಿಗೆ ಮುಗಿದಿರಲಿಲ್ಲ. ಎಷ್ಟು ಬೇಡಿಕೊಂಡರೂ ಕೇಳದೆ ಡಯಾಲಿಸಿಸ್ ಮಾಡಿಸಿಕೊಳ್ಳದೆ ಹೊರಟುಹೋದರು. ಬೇರೆ ಕಡೆ ನೋಡಿಕೊಳ್ಳುತ್ತೇನೆ ಎಂದರು. ಗುರುವಾರ ಅವರ ಮನೆಗೆ ಎರಡು ಸಲ ಫೋನ್ ಮಾಡಿದೆ. ಬೇರೆ ಎಲ್ಲೂ ಜಾಗ ಸಿಕ್ಕಿಲ್ಲ, ಅವರು ಹಟ ಬಿಡುತ್ತಿಲ್ಲ ಎಂದು ಮಗ ಹೇಳಿದ. ನೀರು ಕಡಿಮೆ ಕುಡಿಸಿ, ಎಳನೀರು, ಹಣ್ಣು ಕೊಡಲೇಬೇಡಿ, ಉಸಿರು ಕಟ್ಟಿದರೆ ಯಾವ ಹೊತ್ತಾದರೂ ಕರೆದುಕೊಂಡು ಬನ್ನಿ ಎಂದೆ.

ಶುಕ್ರವಾರ ಬೆಳಗ್ಗೆ ಆರೂವರೆಗೆ ಅವರ ಕಾರು ಬಂತು. ಮಗ ಮತ್ತು ಡ್ರೈವರ್ ಎರಡೂ ಕಡೆ ಹಿಡಿದುಕೊಂಡಿದ್ದರು. ಯಜಮಾನರ ಮುಖ ಊದಿತ್ತು. ಒಂದು ಮಾತಿಗೆ ಎರಡು ಸಲ ಉಸಿರು ತೆಗೆದುಕೊಳ್ಳುತ್ತಿದ್ದರು. ತೂಕ ನೋಡಿದರೆ ಐದು ಕಿಲೋ ಏರಿತ್ತು, ಎಲ್ಲ ನೀರು. ಆಕ್ಸಿಜನ್ ಹಚ್ಚಿ ಡಾಕ್ಟರಿಗೆ ಫೋನ್ ಮಾಡಿದೆ. ತಕ್ಷಣ ಮೆಷಿನ್‌ಗೆ ಹಾಕಿ, ಬರುತ್ತಿದ್ದೇನೆ ಎಂದರು.

ಮೆಷಿನ್ ಇರಬೇಕಲ್ಲ. ಅವರು ಬರುವುದಿಲ್ಲ ಎಂದು ಮೂರನೆಯದನ್ನು ಬೇರೆಯವರಿಗೆ ಕೊಟ್ಟಾಗಿತ್ತು. ಒಂದು, ಎರಡು, ಮೂರು, ಐದು ಆಗಲೇ ಓಡುತ್ತಿದ್ದವು. ಹಿಂದಿನ ಕೋಣೆಯದನ್ನು ಹಾಲ್‌ಗೆ ತರುವ ಮೊದಲು ಸರ್ವೀಸಿಗೆ ಬಿಚ್ಚಿ ಹಾಕಿದ್ದರು. ನಾಲ್ಕನೆಯದು ಮಾತ್ರ ಸಿದ್ಧವಾಗಿ ನಿಂತಿತ್ತು. ಪಕ್ಕದಲ್ಲಿ ಫಿಟ್ಟರಣ್ಣ ತೋಳು ಚಾಚಿ ಮಲಗಿದ್ದರು. ಅವರಿಗೆ ಸೂಜಿ ಹಾಕುವುದು ಮಾತ್ರ ಬಾಕಿ ಇತ್ತು.

ನಾನು ಕೇಳುವ ಮೊದಲೇ ಅವರು ಎದ್ದು ಕೂತರು. "ನಂಗೆ ಒಂದೂವರೆ ಕಿಲೋನೇ ಏರಿರೋದು. ಮಧ್ಯಾಹ್ನ ಮಾಡ್ಕೋತೀನಿ. ಅವ್ರನ್ನ ಮಲಗಿಸಿ."

ಕೆಳಗಿಳಿದು ಚಪ್ಪಲಿ ಹುಡುಕುತ್ತ, ಯಜಮಾನರ ಮಗನಿಗೆ ಮಂಚದ ತಲೆದೆಸೆ ಎತ್ತರಿಸುವ ಹಿಡಿಯನ್ನು ತೋರಿಸಿಕೊಟ್ಟರು. ಅದು ಯಾರು ಮಲಗುವ ಮೆಷಿನ್ ಎಂದು ಯಜಮಾನರಿಗೂ ಗೊತ್ತಿತ್ತು. ನಾನು ಅವರ ಕಣ್ಣು ನೋಡಿದೆ.

"ಹಾಕಿ ತಾಯಿ" ಎಂದರು. "ಬೇಗ."

ಮೊದಲ ಒಂದು ಗಂಟೆ ನಾನು ಆ ಮಂಚ ಬಿಟ್ಟು ಅಲುಗಾಡಲಿಲ್ಲ. ಡಾಕ್ಟರು ಬಂದು ಪೊಟ್ಯಾಷಿಯಂ ನೋಡಿ, ಇಸಿಜಿ ನೋಡಿ, ನೀರು ತೆಗೆಯುವ ವೇಗವನ್ನು ಸ್ವಲ್ಪ ಸ್ವಲ್ಪವೇ ಹೊಂದಿಸಿದರು. ಎರಡನೇ ಗಂಟೆಯ ಹೊತ್ತಿಗೆ ಆಕ್ಸಿಜನ್ ಕಡಿಮೆ ಮಾಡಿದೆವು. ಮೂರನೇ ಗಂಟೆಗೆ ಯಜಮಾನರು ಟಿ.ವಿ. ಚಾನೆಲ್ ಬದಲಾಯಿಸಲು ಹೇಳಿದರು. ಅಲ್ಲಿಗೆ ಅವರು ಉಳಿದರು ಎಂದು ನನಗೆ ಧೈರ್ಯ ಬಂತು. ಪಕ್ಕದ ಮಂಚದಿಂದ ಟೈಲರಕ್ಕ, "ಚೆನ್ನಾಗಿರೋ ಸೀರಿಯಲ್ ತೆಗೀಬೇಡಿ" ಎಂದರು.

ಹೊರಗೆ ಬೆಂಚಿನ ಮೇಲೆ ಫಿಟ್ಟರಣ್ಣ ಹೆಂಡತಿಯ ಪಕ್ಕ ಕೂತು ತೂಕಡಿಸುತ್ತಿದ್ದರು. ಯಜಮಾನರ ಸೂಜಿ ತೆಗೆದು, ಹತ್ತಿ ಒತ್ತಿಹಿಡಿದಿದ್ದೆ.

"ಅವ್ರು ಊಟಕ್ಕೆ ಹೋಗಿಲ್ವಾ?" ಎಂದು ಬೆಂಚಿನ ಕಡೆ ನೋಡಿ ಕೇಳಿದರು.

"ಡಬ್ಬಿ ತಂದಿದಾರೆ. ಮಧ್ಯಾಹ್ನದ್ದು ಮುಗಿಯೋಷ್ಟರಲ್ಲಿ ಸಂಜೆ ಆಗತ್ತೆ. ಆಮೇಲೆ ಬಸ್ಸು."

"ಎಲ್ಲಿಗೆ?"

"ಜನ್ನಾಪುರ."

"ನಮ್ಮ ಕಾರು ವಾರಕ್ಕೆ ಮೂರು ದಿನ ಆ ಕಡೆಯಿಂದಾನೇ ಅರ್ಧ ಖಾಲಿ ಬರತ್ತೆ" ಎಂದರು. "ನಾನು ಕೇಳಿದ್ರೆ ಬರ್ತಾರೋ ಇಲ್ವೋ. ನೀವು ಕೇಳ್ತೀರಾ?"

"ನೀವೇ ಕೇಳಿ" ಎಂದೆ.

ಕೇಳಿದರು. ಬಾಗಿಲ ಬಳಿ ಮಗನ ಹೆಗಲು ಹಿಡಿದು ನಿಂತು, ತಗ್ಗಿದ ದನಿಯಲ್ಲಿ ಏನು ಹೇಳಿದರೋ ನನಗೆ ಕೇಳಿಸಲಿಲ್ಲ. ಫಿಟ್ಟರಣ್ಣನ ಉತ್ತರ ಮಾತ್ರ ಕೇಳಿಸಿತು: "ಬರ್ತೀನಿ. ನಿಮ್ಮ ಕಾರಿನ ಬೆಲ್ಟ್ ಕೀಚಲು ಸೌಂಡ್ ಮಾಡ್ತಿದೆ, ಬೆಳಗ್ಗೆನೇ ಕೇಳಿದೆ. ಅದನ್ನ ಮೊದ್ಲು ಸರಿ ಮಾಡಿಸಿ."

ಈ ಸುದ್ದಿ ಟೈಲರಕ್ಕನಿಗೆ ತಲುಪಿದಾಗ ಅವರು, "ಹೊಸಮನೆ ಏನು ಕಾಡಲ್ಲಿದೆಯಾ?" ಎಂದು ಕೇಳಿದರು. ಹಾಗಾಗಿ ಕಾರು ಈಗ ಅಲ್ಲಿಗೂ ಸುತ್ತು ಹಾಕಿ ಬರುತ್ತದೆ. ಸೋಮವಾರ, ಬುಧವಾರ, ಶುಕ್ರವಾರ ಬೆಳಗ್ಗೆ ಮೂರು ಮೆಷಿನ್‌ಗಳನ್ನು ಸಿದ್ಧ ಮಾಡಿ ನಾನು ಕಾಯುತ್ತಿರುತ್ತೇನೆ. ಆರೂವರೆಗೆ ಬರಬೇಕಾದವರು ಏಳಾದರೂ ಬರುವುದಿಲ್ಲ. ಬಂದ ಮೇಲೆ ಯಾಕೆ ತಡ ಎಂದು ಗದರಿದರೆ ಯಜಮಾನರು ಟೈಲರಕ್ಕನನ್ನು ತೋರಿಸುತ್ತಾರೆ, ಟೈಲರಕ್ಕ ಫಿಟ್ಟರಣ್ಣನನ್ನು ತೋರಿಸುತ್ತಾರೆ, ಫಿಟ್ಟರಣ್ಣ ಡ್ರೈವರನನ್ನು. ಕೊನೆಗೆ ಸೋತು, ಅವರ ಪಾಳಿಯನ್ನೇ ಅರ್ಧ ಗಂಟೆ ಮುಂದೆ ಹಾಕಿ ಏಳಕ್ಕೆ ಮಾಡಿದ್ದೇನೆ. ಈಗ ಏಳೂವರೆಗೆ ಬರುತ್ತಾರೆ.